ಹನ್ನೆರಡು ಆಯ, ಇಪ್ಪತ್ತೆರಡು ಕಸುಬು

ಬೈಲಹೊಂಗಲದ ಒಂದು ಮನೆಯ ಪಡಸಾಲೆ, ದೀಪಾವಳಿ ಸೂಟಿ. ಮಾತಾಡುವವರು ಇಬ್ಬರು. ಒಬ್ಬರು ರಾಮದುರ್ಗ ತಾಲೂಕಿನ ಸುರೇಬಾನದ ಕಡೆಯವರು. ಹುಡುಗತನದಿಂದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರು, ಮಗ್ಗ ನಿಂತ ಮೇಲೆ ಹತ್ತಿ ಜಿನ್ನಿನಲ್ಲಿ ಕಾವಲು ಕಾದವರು. ಇನ್ನೊಬ್ಬ ಅವರ ತಂಗಿಯ ಮಗ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾನೆ. ಅವನ ಕೈಯ ಮೊಬೈಲಿನಲ್ಲಿ ‘ಫೈನಲ್ ಫ್ಯಾಂಟಸಿ 5’ ನಡೆದಿದೆ; ಜಪಾನಿನಲ್ಲಿ 1992ರಲ್ಲಿ ಬಂದ ಆಟ, 2021ರಲ್ಲಿ ಹೊಸ ಚಿತ್ರಗಳೊಂದಿಗೆ ಮೊಬೈಲಿಗೂ ಇಳಿಯಿತು. ಆಡುಮಾತನ್ನು ನಾನು ತಿದ್ದಿಲ್ಲ.

ಮಾಮಾ: ಮುಂಜಾನಿಂದ ನೋಡಾಕತ್ತೇನಿ, ಅದ ಅಡವಿ, ಅವ ನಾಕ ಮಂದಿ. ಪ್ರಾಣಿ ಬರ್ತಾವ, ಹೊಡೀತಾರ, ಮತ್ತ ಅಲ್ಲೇ ಸುತ್ತತಾರ. ಮುಂದ ಹೋಗೂದ ಇಲ್ಲೇನಪಾ ಈ ಆಟದಾಗ?

ಅಳಿಯ: ಮುಂದ ಹೋಗಾಕ ಅಂತನ ಸುತ್ತಾಕತ್ತೇನ್ರಿ. ಇಕಿ ಲೆನ್ನಾ, ಟೈಕೂನ್ ರಾಜ್ಯದ ರಾಜಕುಮಾರಿ. ಇಕಿಗೆ ಕಳ್ಳರ ಕಸುಬು ಕಲಸಾಕತ್ತೇನಿ.

ಮಾಮಾ: ರಾಜಕುಮಾರಿಗೆ ಕಳವು!

ಅಳಿಯ: ಹೂಂನ್ರಿ. ಕಳ್ಳ ಆದ್ರ ಗುಪ್ತ ದಾರಿ ಕಣ್ಣಿಗೆ ಬೀಳತಾವ. ಒಟ್ಟು 22 ಕಸುಬು ಅದಾವ್ರಿ: ಕತ್ತಿ ಹಿಡ್ಯಾಂವ, ಬರೇ ಕೈಲೆ ಬಡದಾಡಾಂವ, ಔಷಧ ಕೂಡಸಾಂವ, ಹಾಡಾಂವ, ಕುಣಿಯಾಂವ. ಯಾರು ಬೇಕಾದ್ರೂ ಯಾವುದನ್ನ ಬೇಕಾದ್ರೂ ತೊಡಬಹುದು. ಜಗಳ ನಡದಾಗ ಅಷ್ಟ ಇಲ್ಲ, ಉಳದಾಗ ಯಾವಾಗರ ಬದಲಿ ಮಾಡ್ರಿ. ರೊಕ್ಕ ಕೇಳೂದಿಲ್ಲ, ಯಾರ ಅಪ್ಪಣಿನೂ ಬ್ಯಾಡ.

ಮಾಮಾ: ನಮ್ಮೂರಾಗ ಹನ್ನೆರಡಿದ್ವು. ಬಾರಾ ಬಲೂತಿ. ಬಡಿಗ್ಯಾರ, ಕಮ್ಮಾರ, ಕುಂಬಾರ, ಅಗಸರ, ಹಡಪದ... ಸುಗ್ಗ್ಯಾಗ ಕಣಕ್ಕ ಹೋಗಿ ನಿಂತ್ರ ರೈತ ಜ್ವಾಳದ ಆಯಾ ಅಳದು ಹಾಕತಿದ್ದ. ಕುಂಬಾರ ಬಂದು ‘ಈ ವರ್ಷ ನಾ ಬಡಿಗತನಾ ಮಾಡ್ತೇನಿ’ ಅಂದಿದ್ರ ಊರ ಮಂದಿ ನಗತಿದ್ರು.

ಅಳಿಯ: ನಗತಿದ್ರು, ಅಷ್ಟನ?

ಮಾಮಾ: ಆತು, ಬೈತಿದ್ರು ಅನ್ನು.

ಅಳಿಯ: ಊರ ಹೊರಗ ಇಟ್ಟವರು ಬಂದು ‘ನಾಳಿಂದ ಸತ್ತ ದನಾ ಎಳ್ಯೂದಿಲ್ಲ, ಕುಲಮಿ ಹಾಕ್ತೇವಿ’ ಅಂದಿದ್ರ ಏನ್ ಮಾಡತಿದ್ರಿ? ಅವು ಹನ್ನೆರಡು ಕಸುಬು ಅಲ್ರಿ ಮಾಮಾ, ಹನ್ನೆರಡು ಜಾತಿ. ನಿಮ್ಮ ಊರನ್ನ ಆಟಾ ಮಾಡಿದ್ರ ಶುರುವಾಗೂ ಮುಂಚೆನ ಎಲ್ಲಾರಿಗೂ ಕೀಲಿ ಬಿದ್ದಿರ್ತೈತಿ. ಇಲ್ಲಿ ಅದು ಇಲ್ಲ. ರಾಜನ್ನ ಕುಣಿಯಾಂವನ್ನ ಮಾಡಿದ್ರೂ ಯಾರೂ ಕೇಳೂದಿಲ್ಲ.

ಮಾಮಾ: ನಾವು ನೇಕಾರರು ಆ ಹನ್ನೆರಡರಾಗ ಇರಲಿಲ್ಲ. ನಮಗ ಆಯಾ ಇಲ್ಲ. ಸಂತಿ, ಸಾವಕಾರ ಅಷ್ಟ. ಅದಿರ್ಲಿ, ನಿನ್ನ 22ರಾಗ ನೇಕಾರ ಅದಾನೇನ?

(ಜಾತಿಯ ಪ್ರಶ್ನೆಯನ್ನು ಹಿರಿಯರು ಸಾವಕಾರನ ಬೆನ್ನಿಗೆ ಹಾಕಿ ದಾಟಿದ ವೇಗ ನನಗೆ ಒಪ್ಪಿಗೆಯಾಗಲಿಲ್ಲ. ಹುಡುಗ ಅಲ್ಲೇ ಹಿಡಿದು ನಿಲ್ಲಿಸಬಹುದಿತ್ತು. ಅವನಿಗೆ ಆಟದ ಬಗ್ಗೆ ಹೇಳುವ ಹುರುಪೇ ಹೆಚ್ಚಾಗಿತ್ತು.)

ಅಳಿಯ: ನೇಕಾರ ಇಲ್ರಿ.

ಮಾಮಾ: ಬಡಿಗ? ಒಕ್ಕಲಿಗ?

ಅಳಿಯ: ಇಲ್ರಿ. ಎಲ್ಲಾ ಬಡದಾಡೂ ಕಸುಬ.

ಮಾಮಾ: ಹಂಗಾರ ಈ ನಾಕ ಮಂದಿ ಮೈಮ್ಯಾಲಿನ ಅರಬಿ ಯಾರ ನೇಯ್ದ್ರು?

ಅಳಿಯ: ಊರಾಗ ಅಂಗಡಿ ಅದಾವಲ್ಲ, ಅಲ್ಲಿ ಕೊಂಡದ್ದು.

ಮಾಮಾ: ನೋಡಪಾ, ಅದನ್ನ ನಾ ಹೇಳೂದು. ದುಡಿಯೂ ಕಸುಬು ಎಲ್ಲಾ ಪರದೆ ಹಿಂದ ಯಾರೋ ಮಾಡ್ತಾರು. ಮುಂದ ನಿಂತವರಿಗೆ ಅಷ್ಟ ಬದಲಿ ಮಾಡೂ ಸವಲತ್ತು. ಹೋಗ್ಲಿ ಬಿಡು. ಕಸುಬು ಕಲಿಯೂದು ಹೆಂಗ?

ಅಳಿಯ: ಎರಡು ಲೆಕ್ಕ ಅದಾವ್ರಿ. ಒಂದು ಮನಷ್ಯಾಂದು, ಒಂದು ಕಸುಬಿಂದು. ಬಡದಾಡಿದಷ್ಟೂ ಮನಷ್ಯಾನ ಲೆವೆಲ್ ಏರತೈತಿ, ಅದು ಕಸುಬು ಬಿಟ್ರೂ ಇಳಿಯೂದಿಲ್ಲ. ಅದರ ಜೋಡಿ ಕಸುಬಿನ ಪಾಯಿಂಟು ಬ್ಯಾರೆ ಕೂಡತಾವ. ಅವು ಸಾಕಷ್ಟಾದ ಮ್ಯಾಲೆ ಆ ಕಸುಬಿನ ಒಂದೊಂದ ವಿದ್ಯಾ ನಿಮ್ಮದಾಗತೈತಿ. ಆಮ್ಯಾಲೆ ಕಸುಬು ಬದಲಿ ಮಾಡ್ರಿ, ಆ ವಿದ್ಯಾ ನಿಮ್ಮ ಜೋಡಿ ಬರ್ತೈತಿ. ಆದ್ರ ಒಂದ ಕಟ್ಟು ಐತಿ: ಹೊಸ ಕಸುಬಿನಾಗ ಇದ್ದಾಗ ಹಳೇವುಗಳಾಗ ಒಂದನ್ನಷ್ಟ ಇಟಗೊಬಹುದು. ಮಾಟಗಾರ ಆಗಿದ್ದೀರಿ ಅನ್ರಿ, ಕಳ್ಳನ ವಿದ್ಯಾ ಬೇಕೋ, ಕತ್ತಿಯಾಂವಂದು ಬೇಕೋ, ಒಂದ ಆರಸ್ರಿ.

ಮಾಮಾ: ಹಂಗಂದ್ರ ಮಡಿವಾಳ ಮಾಚಯ್ಯ.

ಅಳಿಯ: ಅಂದ್ರ?

ಮಾಮಾ: ಕಲ್ಯಾಣದ ಗದ್ದಲದಾಗ ಉಳವಿಗೆ ಹೊಂಟ ಶರಣರ ಬೆನ್ನಿಗೆ ನಿಂತು ಅಂವ ಕತ್ತಿ ಹಿಡದ ಅಂತ ನಮ್ಮ ಕಡೆ ಹೇಳ್ತಾರಲ್ಲ. ಕಸುಬು ಮಡಿವಾಳಂದ, ಕೈಯಾಗ ಕತ್ತಿ.

ಅಳಿಯ: ಅದ ಅದ! ಆ ಒಂದ ಜಾಗಾದಾಗ ಕತ್ತಿ ಇಟ್ಟಾನ.

ಮಾಮಾ: ಖರೆ, ಆದ್ರ ಅಂವ ಕಡೀತನಕಾ ಮಡಿವಾಳನ. ಬಟ್ಟಿ ತೊಳ್ಯೂದು ಬಿಟ್ಟು ದಂಡಿನಾಗ ಸೇರಲಿಲ್ಲ. ಕಸುಬು ಗಟ್ಟಿ ಇದ್ದಾಂವ ಕತ್ತಿ ಹಿಡದ್ರ ಅದಕ್ಕ ಬೆಲಿ. ನಿನ್ನ ರಾಜಕುಮಾರಿ ನಿನ್ನೆ ಏನಿದ್ಳು?

ಅಳಿಯ: ನಿನ್ನೆ ಮದ್ದು ಮಂತ್ರದಾಕಿ ಇದ್ಳು.

ಮಾಮಾ: ನಾಳೆ?

ಅಳಿಯ: ನಾಳೆ ಮುಂದಿನ ರಾಕ್ಷಸನ್ನ ನೋಡಿ ಹೇಳ್ತೇನ್ರಿ. ಒಬ್ಬೊಬ್ಬ ರಾಕ್ಷಸಗ ಒಂದೊಂದ ಮದ್ದು. ಬೆಂಕಿಯಾಂವ ಬಂದ್ರ ಕತ್ತಿಗಿಂತಾ ಹಿಮದ ಮಂತ್ರ ಛಲೋ. ಸೋತ್ನಿ ಅಂದ್ರ ನನ್ನ ಶಕ್ತಿ ಕಡಿಮಿ ಅಂತ ಅಲ್ಲ, ಹಾಕ್ಕೊಂಡ ಕಸುಬು ತಪ್ಪು ಅಂತ ಅರ್ಥ. ಹತ್ತು ತಾಸು ಸುತ್ತಿ ಲೆವೆಲ್ ಏರಿಸಿ ಗೆಲ್ಲಬಹುದು, ಇಲ್ಲಾ ಐದ ನಿಮಿಷ ಕುಂತು ವಿಚಾರ ಮಾಡಿ ಕಸುಬು ತಿರಗಿಸಿ ಗೆಲ್ಲಬಹುದು. ಈ ಆಟದ ರುಚಿನ ಅದು. ಒಂದ ವಿದ್ಯಾ ಐತ್ರಿ, ಐದರಿಂದ ಭಾಗಾಗೂ ಲೆವೆಲ್ಲಿನ ವೈರಿಗಳನ್ನ ಅಷ್ಟ ಕೊಲ್ಲತೈತಿ. ಲೆವೆಲ್ 20 ಇದ್ದಾಂವ ಸಾಯ್ತಾನ, 21 ಇದ್ದಾಂವ ಹಂಗ ನಿಂತಿರ್ತಾನ.

ಮಾಮಾ: ಅದನ್ನ ಯಾರ ಕಲಸ್ತಾರ?

ಅಳಿಯ: ವೈರಿನ. ನೀಲಿ ಮಾಟಗಾರ ಅಂತ ಒಂದ ಕಸುಬು ಐತಿ, ಅಂವಗ ಗುರು ಇಲ್ಲ. ವೈರಿ ಯಾವ ವಿದ್ಯಾದಿಂದ ಹೊಡೀತಾನೋ ಆ ಪೆಟ್ಟು ತಿಂದು ಅದನ್ನ ಕಲೀತಾನ.

ಮಾಮಾ: (ನಕ್ಕು) ಅದೊಂದು ಖರೇ ಕಸುಬು ಐತಿ ನೋಡು.

ನಗು ಹೆಚ್ಚು ಹೊತ್ತು ಇರಲಿಲ್ಲ. ಹಿರಿಯರು ಕನ್ನಡಕ ಹಾಕಿಕೊಂಡು ಮೊಬೈಲನ್ನು ಇಸಿದುಕೊಂಡರು. ಪರದೆಯ ಮೇಲೆ ನಾಲ್ಕು ಹೆಸರು, ಪ್ರತಿಯೊಂದರ ಪಕ್ಕ ಒಂದು ಕಸುಬು.

ಮಾಮಾ: ಇಳಕಲ್ಲ ಸೀರಿ ಸೆರಗು ಹೆಂಗ ಕೂಡಸ್ತಾರ ನೋಡೀಯೇನ? ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲಿಂದು ಹತ್ತಿ, ಸೆರಗಿಂದು ರೇಷ್ಮಿ. ಒಡಲಿನ ಎಳಿಗೆ ಸೆರಗಿನ ಎಳಿ ಸಿಗಿಸಿ ಕೊಂಡಿ ಹಾಕ್ಕೊಂತ ಹೋಗಬೇಕು, ಅಗಲ ಪೂರ್ತಿ. ಒಂದ ಕೊಂಡಿ ಸಡಲಾದ್ರ ಸೆರಗು ಸೊಟ್ಟ ಕೂಡತೈತಿ, ಸಾವಕಾರ ರೊಕ್ಕ ಮುರ್ಕೊಂತಾನ. ನಮ್ಮವ್ವ ಹಾಕತಿದ್ಳು. ಕಣ್ಣು ಮಂದಾದ ಮ್ಯಾಲೂ ಹಾಕತಿದ್ಳು, ಬೆರಳಿಗೇ ಕಣ್ಣಿದ್ದಂಗ. ಆ ವಿದ್ಯಾಕ್ಕ ಎಷ್ಟು ಪಾಯಿಂಟು?

ಅಳಿಯ: ...ಅದಕ್ಕ ಪಾಯಿಂಟು ಹಾಕಾಕ ಬರೂದಿಲ್ರಿ.

ಮಾಮಾ: ಮತ್ತ ಆ ವಿದ್ಯಾ ಎಲ್ಲಿ ಹೋತು? ಆಕಿ ಹೋದ್ಳು, ಅದೂ ಹೋತು. ನನಗ ಅರ್ಧಾ ಬಂತು. ನನ್ನ ಮಗಗ ಹಾಸು ಯಾವುದು ಹೊಕ್ಕು ಯಾವುದು ತಿಳಿಯೂದಿಲ್ಲ.

ಅಳಿಯ: ಈ ಆಟದಾಗ ಗಾಲುಫ್ ಅಂತ ಒಬ್ಬ ಮುದುಕ ಅದಾನ್ರಿ. ಮೊದಲ ತಾನು ಯಾರನ್ನೂದ ಅಂವಗ ನೆನಪಿರೂದಿಲ್ಲ. ಆಮ್ಯಾಲೆ ನೋಡಿದ್ರ ಬ್ಯಾರೆ ಲೋಕದ ರಾಜ. ಅರ್ಧಾ ಕತಿಯೊಳಗ ಮೊಮ್ಮಗಳನ್ನ ಉಳಸಾಕ ಒಬ್ಬನ ನಿಂತು ಬಡದಾಡ್ತಾನ. ಪ್ರಾಣದ ಅಂಕಿ ಸೊನ್ನಿಗೆ ಬಂದ್ರೂ ಬೀಳೂದಿಲ್ಲ, ಹೊಡೀತನ ಇರ್ತಾನ. ಗೆದ್ದ ಮ್ಯಾಲೆ ಸಾಯ್ತಾನ. ಉಳದವರು ತಮ್ಮ ಹತ್ರ ಇದ್ದ ಮದ್ದು ಮಂತ್ರ ಎಲ್ಲಾ ಹಾಕ್ತಾರು, ಏಳೂದಿಲ್ಲ. ಆ ಹುಡುಗಿ ಕ್ರಿಲೆ ಅಜ್ಜನ ಜಾಗಾಕ್ಕ ಬರ್ತಾಳ. ಅಜ್ಜ ಕಲ್ತದ್ದೆಲ್ಲಾ ಆಕಿಗೆ ಬರ್ತೈತಿ. ಒಂದೂ ಕಡಿಮಿ ಆಗೂದಿಲ್ಲ.

ಮಾಮಾ: ಪೂರ್ತಿ?

ಅಳಿಯ: ಪೂರ್ತಿ.

ಮಾಮಾ: ಹುಡುಗಿನ್ನ ಕೇಳಿದ್ರೇನ? ಅಜ್ಜಂದು ನಿನಗ ಬೇಕೋ ಬ್ಯಾಡೋ ಅಂತ?

ಅಳಿಯ: (ಸ್ವಲ್ಪ ತಡೆದು) ಕೇಳೂದಿಲ್ರಿ.

ಮಾಮಾ: ನನ್ನೂ ಕೇಳಿರಲಿಲ್ಲ. ನಿನಗ ಗೊತ್ತಿಲ್ಲ, ನಾ ಹುಡುಗಿದ್ದಾಗ ಪೇಟಿ ಬಾರಸ್ತಿದ್ದೆ. ಸಣ್ಣಾಟದ ಮೇಳಕ್ಕ. ‘ಸಂಗ್ಯಾ ಬಾಳ್ಯಾ’ ಆಡ್ತಿದ್ರು. ಆ ಸಂಗ್ಯಾ ಇದ ಬೈಲಹೊಂಗಲದಾಂವ ಅಂತ ಕತಿ, ಹಿಂಗಾಗಿ ಈ ಕಡೆ ಆಡಿದ್ರ ಮಂದಿ ಮುರಕೊಂಡು ಬೀಳತಿದ್ರು. ಆಟಾ ಮುಗಿಯೂದ್ರಾಗ ಕೋಳಿ ಕೂಗತಿತ್ತು. ನಮ್ಮಪ್ಪ ಎರಡ ಸುಗ್ಗಿ ಸುಮ್ಮನಿದ್ದ, ಮೂರನೇದಕ್ಕ ಪೇಟಿ ಮಾರಿ ನೂಲು ತಂದ. ‘ನೇಕಾರನ ಮಗಾ ನೇಯ್ಬೇಕು.’ ಮುಗೀತು.

ಅಳಿಯ: ಹಂಗಾರ ನೀವು ನನ್ನ ಕಡೆ ಇರಬೇಕಲ್ರಿ!

ಮಾಮಾ: ನಾ ಯಾರ ಕಡೆನೂ ಇಲ್ಲ. ಪೇಟಿ ಹೋದದ್ದಕ್ಕ ಹೊಟ್ಟಿ ಉರೀತು. ಮುಂದ ಮಗ್ಗಾ ಹೋದಾಗ ಅದಕ್ಕಿಂತಾ ಉರೀತು. ಬ್ಯಾಡಾದ ಕಸುಬು, ಆದ್ರೂ ಇಷ್ಟ ವರ್ಷಕ್ಕ ಮೈಗೆ ಹತ್ತಿತ್ತು.

ಅಳಿಯ: ಆ ಮೇಳದಾಗ ಹೆಣ್ಣಿನ ಪಾತ್ರ, ಗಂಗಾ, ಯಾರ ಆಗತಿದ್ರು?

ಮಾಮಾ: ಒಬ್ಬ ಬಡಿಗ. ಹಗಲಿ ಕುಂಟಿ ದಿಂಡು ಕೆತ್ತತಿದ್ದ, ರಾತ್ರಿ ಸೀರಿ ಉಟ್ಟ ಗಂಗಾ. ಬಣ್ಣಾ ತೊಳದ ಮ್ಯಾಲೆ ಮತ್ತ ಬಡಿಗನ.

ಅಳಿಯ: ಈ ಆಟದಾಗ ಯಾವ ಕಸುಬೂ ತೊಡದ ಬರೇ ಮನಷ್ಯಾ ಆಗಿ ಇರೂದಕ್ಕೂ ಒಂದ ಮನಿ ಐತ್ರಿ. ಶುರುವಿನಾಗ ಅದಕ್ಕ ಏನೂ ಬೆಲಿ ಇಲ್ಲ. ಆದ್ರ ಒಂದೊಂದ ಕಸುಬು ಪೂರ್ತಿ ಕರಗತಾದ್ಹಂಗ ಅದರ ಮೈಗುಣ, ಅದರ ಬಲ ಈ ಬರೇ ಮನಷ್ಯಾಗ ಬಂದು ಸೇರತೈತಿ. ಕಡೀಕ ಎಲ್ಲಾರಕಿಂತಾ ಜೋರು ಅಂವನ. ಅದಕ್ಕ ಕೇಳ್ತೇನಿ, ಆ ಬಡಿಗ ಬಣ್ಣಾ ತೊಳದ್ರ ಬರೇ ಬಡಿಗನ ಆಗತಿದ್ನೇನ? ಗಂಗಾನ ಏನೂ ಉಳೀತಿರಲಿಲ್ಲಾ?

ಮಾಮಾ: ನಡಿಗಿ ಉಳದಿತ್ತು. ಹೆಗಲ ಮ್ಯಾಲೆ ಬಾಚಿ ಇಟ್ಕೊಂಡು ಹಂಗ ಬಳುಕಿ ನಡದು ಬರ್ತಿದ್ದ. ಓಣಿ ಹುಡುಗೂರು ಬೆನ್ನು ಹತ್ತಿ ಅಣಕಸ್ತಿದ್ರು. ನಿನ್ನ ಆಟದಾಗ ಯಾರೂ ಅಣಕಸೂದಿಲ್ಲೇನ?

ಅಳಿಯ: ಇಲ್ರಿ. ಊರಿಗೆ ಹೋದ್ರ ಯಾವ ವೇಷದಾಗಿದ್ರೂ ಅದ ಮಾತು ಆಡ್ತಾರು.

ಮಾಮಾ: ಅದು ಊರಲ್ಲ ಬಿಡು.

ಅಳಿಯ: ಪೇಟಿ ಅಂದ್ರಲ್ಲ, ಇಲ್ಲೂ ಐತ್ರಿ. ಊರೂರಾಗ ಪಿಯಾನೋ, ಒಟ್ಟು ಎಂಟು. ಮೊದಲನೇದನ್ನ ಮುಟ್ಟಿದಾಗ ಆಟದ ನಾಯಕ ಬಾರ್ಟ್ಜ್ ತಪ್ಪು ತಪ್ಪಾಗಿ ಬಾರಸ್ತಾನ. ಹೊಸಾ ಊರಾಗ ಒಂದೊಂದ ಸಿಕ್ಕಂಗ ಕೈ ಕೂಡತೈತಿ. ಎಂಟೂ ಮುಗಿಸಿದ ಮ್ಯಾಲೆ ಒಬ್ಬ ಗವಾಯಿ ಒಂದ ಹಾಡು ಕಲಸ್ತಾನ. ಅದನ್ನ ಕಲೀಲಿಲ್ಲಂದ್ರೂ ಆಟಾ ಮುಗೀತೈತಿ.

ಮಾಮಾ: ಆ ಎಂಟು ಎಲ್ಲಿ ಅದಾವು, ಆಮ್ಯಾಲೆ ತೋರಸು.

ಇಲ್ಲಿ ಚಹಾ ಬಂತು. ಜೊತೆಗೆ ಹುಡುಗನ ತಾಯಿಯ ಒಂದು ಮಾತೂ ಬಂತು: ಕೆಲಸ ಬಿಡುವ ವಿಚಾರ ಮಾಡಿದ್ದಾನೆ, ನೀನಾದರೂ ಹೇಳು. ಅಷ್ಟು ಹೊತ್ತು ಆಟದ ಮಾತು ಯಾಕೆ ಅಷ್ಟು ಬಿಸಿಯಾಗಿತ್ತೆಂದು ನನಗೆ ಆಗ ತಿಳಿಯಿತು.

ಮಾಮಾ: ಹೌದೇನ?

ಅಳಿಯ: ಹೌದ್ರಿ. ನೀವು ಹನ್ನೆರಡು ಆಯದ ಕತಿ ಹೇಳಿದ್ರಿ, ನಂದೂ ಕೇಳ್ರಿ. ಕಲ್ತದ್ದು ಮಶೀನು. ಮಶೀನಿನ ಕೆಲಸ ಸಿಗಲಿಲ್ಲ, ಟೆಸ್ಟಿಂಗ್ ಸಿಕ್ತು, ಸೇರಿದೆ. ಈಗ ಎಲ್ಲಿ ಅರ್ಜಿ ಹಾಕಿದ್ರೂ ‘ಟೆಸ್ಟಿಂಗ್ ಮಾಡೀರಲ್ಲ, ಟೆಸ್ಟಿಂಗ್ ಕೆಲಸಾನ ಐತಿ’ ಅಂತಾರು. ಚಿತ್ರಾ ತಗೀತೇನಿ, ಆಟಗಳಿಗೆ ಊರು ಕಟ್ಟೂದು, ಗುಡ್ಡಾ ನಕ್ಷೆ ಹಾಕೂದು ಕಲೀಬೇಕಂದ್ರ ‘ಅನುಭವ ಎಷ್ಟು ವರ್ಷ’ ಅಂತಾರು. ನಿಮಗಾರ ಮೂರು ಕಸುಬು ಆದ್ವು: ಪೇಟಿ, ಮಗ್ಗಾ, ಕಾವಲು. ನಮ್ಮದು ಒಂದಕ್ಕ ಸಿಗಬಿದ್ದೈತಿ.

ಮಾಮಾ: ಆದ್ವು ಅಲ್ಲೋ, ಆಗಬೇಕಾತು. ಮೊದಲನೇದನ್ನ ಅಪ್ಪ ಕಸಗೊಂಡ, ಎರಡನೇದನ್ನ ಪವರ್‌ಲೂಮ್ ಕಸಗೊಂತು. ನಿನ್ನ ಆಟದಾಗ ಹೊಸಾ ಕಸುಬು ಎಲ್ಲಿಂದ ಬರ್ತಾವ?

ಅಳಿಯ: ನಾಕ ಹರಳು ಅದಾವ್ರಿ, ಗಾಳಿ, ನೀರು, ಬೆಂಕಿ, ಭೂಮಿ. ಒಂದೊಂದ ಒಡೀತಾವ. ಒಡದ ಚೂರಿನಾಗಿಂದ ಕಸುಬು ಬರ್ತಾವ. ಲೋಕ ಹಾಳಾಗೂದೂ ಅದರಿಂದನ, ನಮಗ ವಿದ್ಯಾ ಸಿಗೂದೂ ಅದರಿಂದನ.

ಮಾಮಾ: ನಮ್ಮ ಮಗ್ಗಾ ಒಡದಾಗ ಚೂರಿನಾಗ ಏನೂ ಸಿಗಲಿಲ್ಲ. ಕಟಗಿ ಒಲಿಗೆ ಹೋತು.

ಅಳಿಯ: ಸಂಗೊಳ್ಳಿ ರಾಯಣ್ಣಗ ಸಿಕ್ತಲ್ರಿ. 1824ರಾಗ ಕಿತ್ತೂರು ಬಿತ್ತು. ಸಂಸ್ಥಾನ ಒಡದ ಮ್ಯಾಲೆನ ಅಂವ ಅಡವಿ ಸೇರಿ ಕುಂಪಣಿ ಸರಕಾರಕ್ಕ ನಿದ್ದಿಗೆಡಿಸಿದಾಂವ ಆದದ್ದು.

ಮಾಮಾ: ರಾಯಣ್ಣ ಶೇತಸನದಿ. ಚಾಕರಿಗೆ ಹೊಲಾ, ಹೊಲಕ್ಕ ಚಾಕರಿ, ಎರಡೂ ಕೂಡೇ ಹುಟ್ಟಿದ್ವು. ಹೊಲದ ಮ್ಯಾಲೆ ಪಟ್ಟಿ ಕುಂತಾಗ ಕಸುಬಿನ ಬೇರನ ಕಿತ್ತು ಹೋತು. ಅಂವ ಕಸುಬು ಬದಲಿ ಮಾಡಿದಾಂವಲ್ಲ, ಇದ್ದದ್ದನ್ನ ಬಿಡಲಾರದಕ್ಕ ಎದ್ದಾಂವ. ಮತ್ತ 1831ರಾಗ ನಂದಗಡದಾಗ ಗಲ್ಲಿಗೆ ಹಾಕಿದ್ರು. ನೀ ಸೋತ್ರ ಏನಾಗತೈತಿ?

ಅಳಿಯ: ಎಲ್ಲಿ ಸೇವ್ ಮಾಡಿದ್ದೆ, ಅಲ್ಲಿಂದ ಮತ್ತ ಶುರು.

ಮಾಮಾ: ಹೂಂ.

ಅಳಿಯ: ‘ಹೂಂ’ ಅಂದು ಮುಗಸಬ್ಯಾಡ್ರಿ. ಇನ್ನೊಂದ ಆಟಾ ಐತಿ, ‘ಡ್ರ್ಯಾಗನ್ ಕ್ವೆಸ್ಟ್ 3’, ಇದಕಿಂತಾ ಹಳೇದು, 1988ರದ್ದು. ಅದರಾಗ ಕಸುಬು ಬದಲಿ ಅಷ್ಟು ಸಸಾರ ಇಲ್ಲ. ಲೆವೆಲ್ 20 ಮುಟ್ಟಿದ ಮ್ಯಾಲೆ ಒಂದ ಗುಡಿಗೆ ಹೋಗಬೇಕು. ಬದಲಿ ಮಾಡಿದ್ರ ಮತ್ತ ಲೆವೆಲ್ 1, ಮೈಬಲ ಅರ್ಧಾ. ಕಲ್ತ ಮಂತ್ರ ಅಷ್ಟ ಉಳೀತಾವ.

ಮಾಮಾ: ಅದು ಸರಿ ಐತಿ. ಅದನ್ನ ಮಾಡಿದಾಂವಗ ಗೊತ್ತೈತಿ. ಜಿನ್ನಿನ ಗೇಟಿನಾಗ ಮೊದಲನೇ ದಿನ, ಮೀಸಿ ಮೂಡದ ಹುಡುಗ ನನಗ ಲಾರಿ ನಂಬರ ಹೆಂಗ ಬರೀಬೇಕಂತ ಕಲಿಸಿದ. ನಾ ಆ ಹುಡುಗಗ ‘ರೀ’ ಹಚ್ಚಿ ಮಾತಾಡ್ತಿದ್ದೆ. ಮೈಬಲ ಅರ್ಧಾ ಆಗೂದಂದ್ರ ಅದು. ಆದ್ರ ಹತ್ತಿ ಅಂಡಿಗಿಗೆ ಕೈ ಹಾಕಿದ್ರ ಎಳಿ ಎಷ್ಟುದ್ದ, ಹಸಿ ಎಷ್ಟೈತಿ ನನಗ ತಿಳೀತಿತ್ತು. ಆಮ್ಯಾಗಾಮ್ಯಾಗ ಮಾಲು ನೋಡಾಕ ನನ್ನ ಕರೀತಿದ್ರು.

ಅಳಿಯ: ಕಲ್ತ ಮಂತ್ರ ಉಳದಿತ್ತಲ್ರಿ ಮತ್ತ!

ಮಾಮಾ: ಉಳದಿತ್ತು. ಪಗಾರ ಮಾತ್ರ ಕಾವಲಗಾರಂದ.

ಅಳಿಯ: ಆ ಆಟದಾಗ ಒಬ್ಬ ವಿದೂಷಕ ಅದಾನ. ಯುದ್ಧ ನಡದಾಗ ಹಾಸ್ಯಾ ಮಾಡ್ತಾನ, ಸುಮ್ಮ ನಿಂದರ್ತಾನ, ಹೇಳಿದ ಮಾತು ಕೇಳೂದಿಲ್ಲ. ಆದ್ರ ಜ್ಞಾನಿ ಅನ್ನೂ ಎಲ್ಲಾರಕಿಂತಾ ದೊಡ್ಡ ಕಸುಬಿಗೆ ಏರಬೇಕಂದ್ರ ಉಳದವರಿಗೆ ಒಂದ ಅಪರೂಪದ ಗ್ರಂಥ ಬೇಕು. ವಿದೂಷಕಗ ಬ್ಯಾಡ. 20 ಲೆವೆಲ್ ತನಕಾ ಅಂವನ್ನ ಸಾಕಿದ್ರ ಸಾಕು.

ಮಾಮಾ: ಸಾಕೂದು ಯಾರು?

ಅಳಿಯ: ಉಳದ ಮೂರು ಮಂದಿ.

ಮಾಮಾ: ಅದನ್ನ ಹೇಳು ನಿಮ್ಮವ್ವಗ.

(ಈ ಸುತ್ತಿನಲ್ಲಿ ಹಿರಿಯರದೇ ಮೇಲುಗೈ ಎಂದು ನನಗನಿಸಿತು. ಹುಡುಗನಿಗೂ ಅನಿಸಿರಬೇಕು, ಮುಂದಿನ ಮಾತು ಅವನ ವಾದಕ್ಕೆ ಅನುಕೂಲವಾದದ್ದೇನೂ ಅಲ್ಲ, ಆದರೂ ಆಡಿದ.)

ಅಳಿಯ: ಇನ್ನೊಂದ ಮಜಾ ಹೇಳ್ಲೇನ್ರಿ? ವರ್ಷಕ್ಕೊಮ್ಮೆ ಈ ಆಟಾ ಆಡೂ ಮಂದಿ ಕೂಡಿ ಒಂದ ಹಬ್ಬಾ ಮಾಡ್ತಾರು, ‘ಫೋರ್ ಜಾಬ್ ಫಿಯೆಸ್ಟಾ’ ಅಂತ. ಒಂದೊಂದ ಹರಳಿಗೆ ಒಂದರಂಗ ನಾಕ ಕಸುಬು ಚೀಟಿ ಎತ್ತಿದ್ಹಂಗ ಬರ್ತಾವ. ಬಂದದ್ದರಾಗನ ಕಡೀತನಕಾ ಗೆಲ್ಲಬೇಕು, ಬದಲಿ ಇಲ್ಲ. ಅದರ ನೆಪದಾಗ ದಾನಕ್ಕ ರೊಕ್ಕಾನೂ ಕೂಡಸ್ತಾರು.

ಮಾಮಾ: 22 ಬಿಟ್ಟು ನಾಕಕ್ಕ ಕಟ್ಟಿ ಹಾಕ್ಕೊಂತಾರು? ತಾವಾಗೆ?

ಅಳಿಯ: ತಾವಾಗೆ. ಯಾವ ಕಸುಬು ಬೇಕಾದ್ರೂ ಸಿಕ್ಕಾಗ ಎಲ್ಲಾರೂ ಅವ ನಾಕು ಜೋರಿನವನ್ನ ಹಿಡೀತಾರು. ಕೈಗೆ ಬ್ಯಾಡಾದ್ದು ಬಿದ್ದಾಗ ಅದರಾಗ ಏನೈತಿ ಅಂತ ಹುಡಕಾಕ ಬರ್ತೈತಿ. ಔಷಧ ಕೂಡಸಾಂವನ್ನ ನಾ ತಿರಗಿ ಸುದ್ಧಾ ನೋಡಿರಲಿಲ್ಲ. ಅಂವ ಬಿದ್ದಾಗ ತಿಳೀತು, ಅಂವನಂಥಾ ಗಟ್ಟಿ ಆಳು ಇಲ್ಲ.

ಮಾಮಾ: ಹಂಗಾರ ನಮ್ಮಪ್ಪ ಮಾಡಿದ್ದು ಸರಿ ಅಂದ್ಹಂಗಾತು.

ಅಳಿಯ: ಇಲ್ರಿ! ಅವರು ಒಂದ ತಿಂಗಳು, ಎರಡ ತಿಂಗಳು ಕಟಗೊಂತಾರು. ಬ್ಯಾಸರಾದ್ರ ಬಿಡ್ತಾರು. ನಿಮ್ಮಪ್ಪ ಚೀಟಿ ಎತ್ತಲಿಲ್ಲ, ಚೀಟಿ ಎಲ್ಲಾ ಒಂದ ಹೆಸರಿನವ ಇದ್ವು.

ಮಾಮಾ: ಅದೂ ಖರೆ. ಈಗ ಹೇಳು, ಆರ ತಿಂಗಳು ಪಗಾರ ಇಲ್ಲದ ಇರತೀಯೇನ?

ಅಳಿಯ: ಕೂಡಿಟ್ಟದ್ದು ನಾಕ ತಿಂಗಳಿಗೆ ಬರ್ತೈತ್ರಿ.

ಮಾಮಾ: ಉಳದ ಎರಡು?

ಅಳಿಯ: ಮಾವನ ಮನಿ ಸುರೇಬಾನದಾಗ ಐತಲ್ರಿ.

ಮಾಮಾ: ಊಟಾ ಹಾಕ್ತೇನಿ. ಅವ್ವಗ ಹೇಳೂದು ಮಾತ್ರ ನನ್ನ ಕಡಿಂದ ಆಗೂದಿಲ್ಲ, ಅದು ನಿನ್ನ ಕೆಲಸ. ಮತ್ತ ಟೆಸ್ಟಿಂಗ್ ಪೂರ್ತಿ ಬಿಡಬ್ಯಾಡ, ಆ ಒಂದ ಜಾಗಾದಾಗ ಇಟಗೊ. ಈ ನಾಕ ಮಂದ್ಯಾಗ ಹಾಡಾಂವ ಯಾರ?

ಅಳಿಯ: ಯಾರೂ ಇಲ್ರಿ. ಹಾಡಾಂವ ಹಾಡು ಹಿಡದ್ರ ಬ್ಯಾರೆ ಏನೂ ಮಾಡೂದಿಲ್ಲ. ಅಂವ ಹಾಡಿಕೊಂತ ಇದ್ದಷ್ಟೂ ಉಳದವರ ಬಲ ಏರತೈತಿ, ಖರೆ. ಆದ್ರ ನಡುವ ಪೆಟ್ಟು ಬಿತ್ತಂದ್ರ ಹಾಡು ನಿಂತು ಹೋಗತೈತಿ. ಈ ರಾಕ್ಷಸನ ಮುಂದ ಅಂವನ್ನ ಇಟ್ರ ನಾ ಸೋಲತೇನಿ.

ಮಾಮಾ: ಸೋಲಲ್ಲ. ಸೇವ್ ಮಾಡೀಯಿಲ್ಲೋ?